ಬಟ್ಟೆ ಮುಚ್ಚಿದ ಮೇಜು

ನಮ್ಮ ಅಯ್ಯನವರು ಎಷ್ಟು ದೊಡ್ಡ ಮನುಷ್ಯ ಎಂಬುದು ನಮ್ಮ ಚರ್ಚಿಗೆ ಗೊತ್ತಾಗಬೇಕಾದರೆ ಅವರು ಸಾಯಬೇಕಾಯಿತು. ಹೋದ ಭಾನುವಾರ ಅವರ ಫೋಟೋವನ್ನು ಗೋಡೆಗೆ ಹಾಕಿದರು. ಚಿನ್ನದ ಬಣ್ಣದ ಫ್ರೇಮು, ಕೆಳಗೆ ‘ಒಳ್ಳೆಯ ಕುರುಬ’ ಎಂಬ ಬರಹ. ಕಂಪ್ಯೂಟರಿನಲ್ಲಿ ಏನೋ ಮಾಡಿಸಿ ಅವರ ಮುಖವನ್ನು ಬೆಳ್ಳಗೆ ಮಾಡಿಬಿಟ್ಟಿದ್ದಾರೆ. ಬಿಸಿಲಿನಲ್ಲಿ ಊರೂರು ಸುತ್ತಿ ಹೆಂಚಿನಂತಾಗಿದ್ದ ಆ ಮುಖ ಯಾರೋ ಬ್ಯಾಂಕ್ ಮ್ಯಾನೇಜರನ ಮುಖದ ಹಾಗೆ ಕಾಣುತ್ತದೆ. ಬದುಕಿದ್ದಾಗ ಅವರನ್ನು ಕಂಡರಾಗದೆ ಮೇಲಿನವರಿಗೆ ದೂರು ಬರೆದವರೇ ಚಂದಾ ಎತ್ತಿ ಮಾಡಿಸಿದ ಫೋಟೋ ಅದು.

ಹಾಸನದಲ್ಲಿ ಚರ್ಚುಗಳು ಹಲವು. ಇದು ಯಾವುದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಮ್ಮ ಸೆಕ್ರೆಟರಿ ವಕೀಲರು, ನಾಳೆಯೇ ನೋಟಿಸು ಕಳಿಸುತ್ತಾರೆ. ಅಯ್ಯನವರ ಹೆಸರೂ ಬೇಡ. ನಮ್ಮಲ್ಲಿ ಸಭಾಪಾಲಕರನ್ನು ಅಯ್ಯನವರು ಎನ್ನುತ್ತೇವೆ, ಅವರ ಹೆಂಡತಿಯನ್ನು ಅಮ್ಮನವರು. ಅಷ್ಟು ಸಾಕು. ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು, ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ಕಮಿಟಿಯವರ ದೂರು. ಇರಲಿ, ಇಷ್ಟು ವಯಸ್ಸಾದ ಮೇಲೆ ಅದನ್ನು ಕತ್ತರಿಸಿಕೊಳ್ಳುವುದು ಸಾಧ್ಯವಿಲ್ಲ.

ಅಯ್ಯನವರು ಬಂದ ಮೊದಲ ಭಾನುವಾರವೇ ಅವರಿಗೂ ನನಗೂ ಜಟಾಪಟಿ. ಅವರಿಗೆ ಶ್ರುತಿ ಎಂಬುದು ಎಳ್ಳಷ್ಟೂ ಇರಲಿಲ್ಲ, ಗಂಟಲು ಮಾತ್ರ ಊರಗಲ. ನಾನು ಒಂದು ಮನೆಯಲ್ಲಿ ನುಡಿಸಿದರೆ ಅವರು ಪಕ್ಕದ ಬೀದಿಯಲ್ಲಿ ಹಾಡುತ್ತಿದ್ದರು. ಆರಾಧನೆ ಮುಗಿದ ಮೇಲೆ ತಡೆಯಲಾರದೆ ಹೇಳಿಯೇಬಿಟ್ಟೆ: “ಅಯ್ಯನವರೇ, ತಾವು ಮೈಕಿನಿಂದ ಸ್ವಲ್ಪ ದೂರ ನಿಂತು ಹಾಡಿದರೆ ಉಪಕಾರ.” ಅವರು ನಕ್ಕುಬಿಟ್ಟರು. “ಟೀಚರ್, ದೇವರ ಕಿವಿ ನಿಮ್ಮ ಕಿವಿಯಷ್ಟು ನಾಜೂಕಲ್ಲ ಬಿಡಿ” ಎಂದರು. ಮುಂದಿನ ವಾರ ಇನ್ನೂ ಜೋರಾಗಿ ಹಾಡಿದರು.

ಅವರ ಸುತ್ತಾಟ ಒಂದು ಹಳೆಯ ಮೊಪೆಡ್ಡಿನ ಮೇಲೆ. ಸಾಲಗಾಮೆ, ಅರಕಲಗೂಡು, ಹೊಳೆನರಸೀಪುರ, ಎಲ್ಲೆಲ್ಲಿ ಒಂದೆರಡು ಮನೆಯವರು ಕ್ರೈಸ್ತರಿದ್ದಾರೋ ಅಲ್ಲೆಲ್ಲ. ಯಾರ ಮನೆಗೆ ಹೋದರೂ ಮೊದಲು ಕೇಳುವುದು “ಏನು ಸಾರು ಇವತ್ತು?” ಎಂದು. ಕೈತೊಳೆದು ಕೂತು ಉಂಡ ಮೇಲೆಯೇ ಬೈಬಲ್ ತೆಗೆಯುವುದು. ಪ್ರಾರ್ಥನೆಯೂ ಚಿಕ್ಕದು. ಅಮ್ಮನವರು ಒಮ್ಮೆ “ಇಷ್ಟು ದೂರ ಬಂದು ಇಷ್ಟೇನಾ ನಿಮ್ಮ ಪ್ರಾರ್ಥನೆ?” ಎಂದು ಆಕ್ಷೇಪಿಸಿದ್ದಕ್ಕೆ, “ಕೂಲಿಗೆ ಹೋಗೋರ ಮನೇಲಿ ಕೂತು ಉದ್ದುದ್ದ ಪ್ರಾರ್ಥನೆ ಮಾಡೋದು ಅವರ ಸಂಬಳಕ್ಕೆ ಕತ್ತರಿ ಹಾಕಿದಂಗೆ ಕಣೇ” ಎಂದರಂತೆ.

ಸಾಲಗಾಮೆಯ ಹೋಟೆಲಿನಲ್ಲಿ ಕೂತಿದ್ದಾಗ ಒಬ್ಬ ರೈತ ಕೆಣಕಿದ ಕಥೆಯನ್ನು ಅವರೇ ಹೇಳುತ್ತಿದ್ದರು. “ಏನ್ ಸಾಮಿ, ಈ ವರ್ಸ ಎಷ್ಟ್ ಜನಾನ ಸೇರಿಸ್ಕಂಡ್ರಿ ನಿಮ್ ಜಾತಿಗೆ?” ಎಂದು ಅವನು. “ಒಳಗಿರೋರನ್ನೇ ಇನ್ನೂ ಕ್ರೈಸ್ತರನ್ನಾಗಿ ಮಾಡಕ್ಕಾಗಿಲ್ಲ ಕಣಪ್ಪ, ಹೊರಗಿನವರನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?” ಎಂದು ಇವರು. ಅವನಿಗೆ ಅದು ತಮಾಷೆಯಾಗಿ ಕಂಡು ಕಾಫಿ ಕುಡಿಸಿದನಂತೆ. ನಮ್ಮ ಸೆಕ್ರೆಟರಿಯ ಕಿವಿಗೆ ಬಿದ್ದಾಗ ಅದು ತಮಾಷೆಯಾಗಿ ಕಾಣಲಿಲ್ಲ.

ದಂಡಿಗನಹಳ್ಳಿ ಹೋಬಳಿಯ ಒಂದು ಊರಿನ ಕೇರಿಯಲ್ಲಿ ನಮ್ಮ ಸಭೆಗೆ ಸೇರಿದ ಕೆಲವು ಮನೆಗಳಿದ್ದವು. ಹಿಂದಿನ ಅಯ್ಯನವರುಗಳು ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಕೇಕು ಹಿಡಿದು ಹೋಗಿ, ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ಇವರು ಬಂದವರೇ ಆ ಮನೆಗಳವರು ತಿಂಗಳ ಮೊದಲ ಭಾನುವಾರ, ಅಂದರೆ ಯೇಸುವಿನ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ದಿನ, ಹಾಸನದ ಚರ್ಚಿಗೇ ಬರಬೇಕು ಎಂದು ಹಠ ಹಿಡಿದರು. ಅವರೂ ಬರತೊಡಗಿದರು. ಒಂದು ಸಂಜೆ ಹಾಡು ಅಭ್ಯಾಸ ಮಾಡುತ್ತಿದ್ದ ನನ್ನ ಪಕ್ಕ ಕೂತು ಅಯ್ಯನವರು ಹೇಳಿದರು: “ನಾನು ಇಲ್ಲಿಂದ ಹೋಗೋದರೊಳಗೆ ಈ ಊರಿನವರೂ ಆ ಕೇರಿಯವರೂ ಒಂದೇ ಪಾತ್ರೆಯಿಂದ ಉಣ್ಣಬೇಕು ಟೀಚರ್. ಕಟ್ಟಡ, ಗೋಪುರ ಏನೂ ಬೇಡ ನನಗೆ. ಅದೊಂದು ಆದರೆ ನಾನು ಬಂದ ಕೆಲಸ ಆಯ್ತು.”

ಹಾಗೆ ಬರುತ್ತಿದ್ದವರಲ್ಲಿ ಕೆಂಪಮ್ಮ ಎಲ್ಲರಿಗಿಂತ ಹಿರಿಯಳು. ಅವಳ ದೀಕ್ಷಾಸ್ನಾನ ಮುಂದೂಡುತ್ತಾ ಬಂದು ಇವರ ಕಾಲದಲ್ಲೇ ಆದದ್ದು; ಆ ಹೊತ್ತಿಗೆ ಯಾರೋ ಅವಳಿಗೆ ಬೈಬಲಿನಿಂದ ಒಂದು ಹೆಸರು ಹುಡುಕಿಟ್ಟಿದ್ದರಂತೆ. ಅಯ್ಯನವರು “ಯಾಕೆ, ಕೆಂಪಮ್ಮ ಅನ್ನೋ ಹೆಸರು ದೇವರಿಗೆ ಕೂಗಕ್ಕೆ ಬರಲ್ವಾ?” ಎಂದು ಗದರಿ ಅದೇ ಹೆಸರನ್ನು ಉಳಿಸಿದ್ದರು. ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಬರುತ್ತಿದ್ದಳು. ಅಯ್ಯನವರು ಪ್ರಸಂಗ ಮಾಡುವ ಹೊತ್ತಿಗೆ ತೂಕಡಿಕೆ. ಭೋಜನದ ಹೊತ್ತಿಗೆ ಮಾತ್ರ ಕಣ್ಣರಳಿಸಿ ಎದ್ದು ಕೂರುವಳು. “ನಿಮ್ ಅಯ್ಯ ಏಳೋದು ನಂಗೇನ್ ತಿಳೀತದೆ ಟೀಚರಮ್ಮ? ಅದೊಂದ್ ಗುಟುಕ್ಗೆ ಬತ್ತೀನಿ ನಾನು. ಅದ್ ಕುಡುದ್ರೆ ಒಂದ್ ತಿಂಗ್ಳು ಎದೆ ತಣ್ಗಿರ್ತದೆ” ಎನ್ನುತ್ತಿದ್ದಳು. ಬೈಬಲ್ ಕಾಲೇಜಿನಲ್ಲಿ ಓದಿದವರ ಬಾಯಲ್ಲೂ ಭೋಜನದ ಬಗ್ಗೆ ಇಷ್ಟು ನೆಟ್ಟಗಿನ ಮಾತು ನಾನು ಕೇಳಿಲ್ಲ.

ನಮ್ಮಲ್ಲಿ ರಾಗಿ ಮನೆಗೆ ಬಂದ ಮೇಲೆ ಸುಗ್ಗಿ ಹಬ್ಬ ಮಾಡುತ್ತೇವೆ. ಬೆಳೆದದ್ದನ್ನು, ಬೇಯಿಸಿದ್ದನ್ನು ಎಲ್ಲರೂ ತಂದು ಚರ್ಚಿನ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಒಂದು ಕುಂಬಳಕಾಯಿಗೆ ಇಬ್ಬರು ಇಂಜಿನಿಯರುಗಳು ಜಿದ್ದಿಗೆ ಬಿದ್ದು ಕೂಗುವುದು, ಹುಂಜ ಕೈತಪ್ಪಿ ಅಯ್ಯನವರು ನಿಂತು ಮಾತಾಡುವ ಪಲ್ಪಿಟ್ಟಿನ ಹಿಂದೆ ಸೇರಿಕೊಳ್ಳುವುದು, ಎಲ್ಲ ಇರುತ್ತದೆ. ಕೊನೆಗೆ ಊಟ. ಊಟಕ್ಕೆ ಯಾವಾಗಲೂ ಬಿರಿಯಾನಿ ಗುತ್ತಿಗೆ. ಆ ವರ್ಷ ಅಯ್ಯನವರು ಗುತ್ತಿಗೆಯನ್ನು ರದ್ದು ಮಾಡಿ, ಕೇರಿಯ ಹೆಂಗಸರು ಬಂದು ಅಡುಗೆ ಮಾಡುತ್ತಾರೆ ಎಂದು ಹೇಳಿದರು. ಯಾರೂ ಬೇಡ ಎನ್ನಲಿಲ್ಲ. ನಮ್ಮ ಜನ ಎದುರಿಗೆ ಬೇಡ ಎನ್ನುವವರೇ ಅಲ್ಲ.

ಕೆಂಪಮ್ಮ ಮತ್ತು ಕೇರಿಯ ಹೆಂಗಸರು ಹಿಂದಿನ ದಿನವೇ ಬಂದು ಅವರೆಕಾಯಿ ಸುಲಿದು, ಹಿತುಕಿ, ನಾಟಿ ಕೋಳಿ ಹಾಕಿ ಸಾರು ಮಾಡಿದ್ದರು. ಮುದ್ದೆ, ಅನ್ನ, ಮೊಸರು, ಬಾಳೆಹಣ್ಣು. ಘಮ ರಸ್ತೆಗೆ ಹೋಗುತ್ತಿತ್ತು. ಹರಾಜು ಮುಗಿಯುತ್ತಿದ್ದಂತೆ ನಮ್ಮವರಿಗೆ ಒಬ್ಬೊಬ್ಬರಿಗೂ ಒಂದೊಂದು ನೆನಪಾಯಿತು. ಒಬ್ಬರಿಗೆ ಮದುವೆ ಊಟ, ಒಬ್ಬರಿಗೆ ಗ್ಯಾಸ್ಟ್ರಿಕ್, ಒಬ್ಬರಿಗೆ ಮನೆಗೆ ಬರುವ ನೆಂಟರು. ಸೆಕ್ರೆಟರಿ “ನನಗೆ ಶುಗರ್ರು” ಎಂದರು. ಶುಗರ್ ಇದ್ದವರಿಗೆ ಡಾಕ್ಟರೇ ಮುದ್ದೆ ತಿನ್ನಿ ಎನ್ನುತ್ತಾರೆ ಸ್ವಾಮಿ! ಹೋಗುವ ಮುಂಚೆ ಮಾತ್ರ ಎಲ್ಲರೂ ಒಂದೊಂದು ಬಾಳೆಹಣ್ಣು ತೆಗೆದುಕೊಂಡರು. ಬಾಳೆಹಣ್ಣಿಗೆ ಸಿಪ್ಪೆ ಇರುತ್ತದಲ್ಲ.

ಹೀಗೆ ಉಣ್ಣದೆ ಹೋದವರು ಯಾವ ರಾಜವಂಶದವರೂ ಅಲ್ಲ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಯುವ ವಿಷಯ. ಆ ಚರ್ಚಿನಲ್ಲಿ ಯಾವ ಮನೆಯ ಅಜ್ಜಿಯನ್ನು ಕೇಳಿದರೂ ಅವಳ ತವರು ಇಂಥದೇ ಒಂದು ಕೇರಿ. ನನ್ನ ಅಜ್ಜಿಯದೂ ಅಷ್ಟೇ. ಯಾರೋ ಮಿಷನ್ನಿನ ದೊರೆಸಾನಿ ಓದು ಕಲಿಸಿದರು, ಒಬ್ಬ ಕಾಂಪೌಂಡರ್ ಆದ, ಒಬ್ಬಳು ನರ್ಸಾದಳು, ಮಕ್ಕಳು ಇಂಗ್ಲಿಷಿನಲ್ಲಿ ಅಳುವುದಕ್ಕೆ ಕಲಿತರು. ಅಷ್ಟಕ್ಕೇ ನಮ್ಮವರಿಗೆ ತಾವು ಆಕಾಶದಿಂದ ಉದುರಿದವರು ಎಂಬ ಭ್ರಮೆ ಬಂದುಬಿಟ್ಟಿತು. ಅವತ್ತು ಕೂತು ಉಂಡವರು ಅಯ್ಯನವರು, ಅಮ್ಮನವರು, ನಾನು, ಚರ್ಚಿನ ಗಂಟೆ ಹೊಡೆಯುವವನು, ಮತ್ತೆ ಅಡುಗೆ ಮಾಡಿದವರೇ. ಅಯ್ಯನವರು ಮೇಲಿಂದ ಮೇಲೆ ಮುದ್ದೆ ಹಾಕಿಸಿಕೊಂಡರು. ಅವರ ಕಿವಿ ಕೆಂಪಾಗಿತ್ತು. ಉಳಿದ ಸಾರನ್ನು ಆ ಹೆಂಗಸರು ಡಬ್ಬಗಳಿಗೆ ತುಂಬಿಕೊಂಡು ಬಸ್ಸಿಗೆ ಹೋದರು.

ಅಯ್ಯನವರು ಮುಂಗೋಪಿ. ಅದನ್ನು ಅವರೇ ಒಪ್ಪಿಕೊಳ್ಳುತ್ತಿದ್ದರು. ಮುಂದಿನ ತಿಂಗಳ ಮೊದಲ ಭಾನುವಾರ ರೊಟ್ಟಿ, ಪಾತ್ರೆ ಎಲ್ಲ ಮೇಜಿನ ಮೇಲೆ ಬಿಳಿ ಬಟ್ಟೆಯ ಕೆಳಗೆ ಸಿದ್ಧವಾಗಿತ್ತು. ಬಟ್ಟೆ ತೆಗೆಯುವ ಹೊತ್ತಿಗೆ ಅವರು ಬಟ್ಟೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು. “ಹೊರಗಿನ ಊಟ ಒಲ್ಲೆ ಅಂದವರು ಇಲ್ಲಿ ಬಂದು ಮೊಣಕಾಲೂರುವುದು ಬೇಡ. ನಾವೆಲ್ಲರೂ ಅಂಗಳದಲ್ಲಿ ಒಟ್ಟಿಗೆ ಕೂತು ಉಣ್ಣುವ ದಿನ ಈ ಬಟ್ಟೆ ತೆಗೆಯುತ್ತೇನೆ. ಅಲ್ಲಿಯ ತನಕ ಈ ಮೇಜು ಯಾರಿಗೂ ಇಲ್ಲ” ಎಂದರು. ನನಗೆ ಎದ್ದು ಚಪ್ಪಾಳೆ ಹೊಡೆಯಬೇಕು ಅನ್ನಿಸಿತು.

ಆರಾಧನೆ ಮುಗಿದ ಮೇಲೆ ಸೆಕ್ರೆಟರಿ ಮುಖ ಕೆಂಪಗೆ ಮಾಡಿಕೊಂಡು ಬಂದರು. “ಅಯ್ಯನವರೇ, ಇದು ನಿಮ್ಮ ಮನೆ ಟೇಬಲ್ ಅಲ್ಲ.”

“ನಿಮ್ಮದೂ ಅಲ್ಲವಲ್ಲ.”

“ಸರಿ, ಒಂದು ದಾರಿ ಹೇಳ್ತೀನಿ. ಅವರಿಗೆ ಅವರ ಊರಲ್ಲೇ ಹೋಗಿ ಕೊಡಿ. ನಮಗೆ ಇಲ್ಲಿ ಕೊಡಿ. ಅವರಿಗೂ ಬಸ್ಸಿನ ತೊಂದರೆ ತಪ್ಪುತ್ತೆ. ಯಾರಿಗೂ ಬೇಜಾರಿಲ್ಲ.”

“ಎರಡು ಮೇಜು ಹಾಕೋಕೆ ನಾನು ಹೋಟೆಲ್ ಇಟ್ಟಿಲ್ಲ” ಎಂದು ಅಯ್ಯನವರು ಒಳಗೆ ಹೋದರು.

ನಾನು ಹಾರ್ಮೋನಿಯಂ ಮುಚ್ಚಿ ಹೊರಗೆ ಬಂದರೆ ಕೆಂಪಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಮುಖ ಸಪ್ಪಗಿತ್ತು. “ಟೀಚರಮ್ಮ, ಅವ್ರು ಉಣ್ಣದಿದ್ರೆ ನಂಗ್ಯಾಕೆ ಉಪಾಸ?” ಎಂದು ಕೇಳಿದಳು. ಬಟ್ಟೆ ಬದಲಿಸಿ ಬಂದ ಅಯ್ಯನವರು ಅವಳ ಪಕ್ಕದಲ್ಲೇ ಕೂತು, “ನಿನಗೋಸ್ಕರಾನೇ ಕಣವ್ವ ಇದು” ಎಂದರು. “ನಂಗೋಸ್ಕರ ಅಂತ ನಂಗೇ ಇಲ್ದಂಗೆ ಮಾಡುದ್ರಲ್ಲ ಸಾಮಿ” ಎಂದು ಅವಳು ಎದ್ದು ಬಸ್ ಸ್ಟಾಂಡಿಗೆ ನಡೆದಳು. ಅಯ್ಯನವರು ನಕ್ಕರು. ಮುದುಕಿಯ ಮಾತು ಎಂದುಕೊಂಡರೋ ಏನೋ. ಅವರು ಆ ಮಾತನ್ನು ಅವತ್ತೇ ಕೇಳಿಸಿಕೊಳ್ಳಬೇಕಾಗಿತ್ತು.

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸಿನ ಕಾಲ ಶುರುವಾಯಿತು. ಮೇಜು ಮುಚ್ಚಿಯೇ ಇತ್ತು. ನಮ್ಮವರು ಒಬ್ಬರೂ ಜಗ್ಗಲಿಲ್ಲ. ಹಲವರು ಬೇರೆ ಚರ್ಚಿಗೆ ಹೋಗಿ ಭೋಜನ ತೆಗೆದುಕೊಂಡು ಬಂದರು. ಕಾರಿದ್ದವರಿಗೆ ಯಾವ ದೇವರೂ ದೂರವಿಲ್ಲ. ಅಯ್ಯನವರ ಹಟದಿಂದ ನಿಜವಾಗಿ ಬರಿಗೈಯಲ್ಲಿ ಉಳಿದವರು ಕೇರಿಯವರು ಮಾತ್ರ. ಇದನ್ನು ನಾನು ಅವರಿಗೆ ಹೇಳಿದೆ. “ಈಸ್ಟರ್ ಹೊತ್ತಿಗೆ ಇಳೀತಾರೆ ಟೀಚರ್, ನೋಡ್ತಿರಿ” ಎಂದರು. ಯಾವ ಧೈರ್ಯದ ಮೇಲೆ ಹಾಗೆಂದರೋ ನನಗೆ ತಿಳಿಯದು.

ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಭಾನುವಾರಕ್ಕೆ ಮುಂಚೆ ಕೆಂಪಮ್ಮ ಕಾಯಿಲೆ ಬಿದ್ದು ಮಲಗಿದಳು. ಅಮ್ಮನವರ ಜೊತೆ ನಾನೂ ಹೋದೆ. ಅಯ್ಯನವರು ಮೊಪೆಡ್ಡಿನಲ್ಲಿ ಮೊದಲೇ ಬಂದಿದ್ದರು. ಮಗಳು ರತ್ನಮ್ಮ, ಆ ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೆಂಪಮ್ಮನಿಗೆ ಉಸಿರು ಸಾಲುತ್ತಿರಲಿಲ್ಲ. ಆದರೂ ಅಯ್ಯನವರ ಕೈ ಹಿಡಿದುಕೊಂಡು ಕೇಳಿದಳು. “ಸಾಮಿ, ಅದೊಂದ್ ಗುಟ್ಕು ಕೊಟ್ಬುಡಿ.”

ರೋಗಿಗಳ ಮನೆಗೆ ಒಯ್ಯುವ ಭೋಜನದ ಚಿಕ್ಕ ಪೆಟ್ಟಿಗೆ ಅಯ್ಯನವರ ಚೀಲದಲ್ಲೇ ಇತ್ತು. ಅಮ್ಮನವರು ಅದರ ಕಡೆ ನೋಡಿದರು, ನಾನೂ ನೋಡಿದೆ. ಅಯ್ಯನವರ ಕೈ ಚೀಲದ ಮೇಲೆ ಹೋಯಿತು, ಅಲ್ಲೇ ನಿಂತಿತು. “ಕೆಂಪಮ್ಮ, ಇನ್ನು ಕೆಲವು ದಿನ ತಡಿಯವ್ವ. ಇಲ್ಲಿ ನಿನಗೊಬ್ಬಳಿಗೇ ಬೇರೆ ಕೊಟ್ಟರೆ ಅವರು ಗೆದ್ದಂಗೆ. ಅವರಿಗೆ ಬೇಕಾಗಿರೋದೇ ಇದು, ನೀವು ಬೇರೆ, ಅವರು ಬೇರೆ. ಈಸ್ಟರ್‌ಗೆ ನಿನ್ನನ್ನ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ಎಲ್ಲರಿಗಿಂತ ಮೊದಲು ನಿನಗೇ ಕೊಡ್ತೀನಿ.”

“ನಾನೆಲ್ಲಿ ಸಾಮಿ ಅಲ್ಲೀಗಂಟ...” ಎಂದಳು ಕೆಂಪಮ್ಮ. ಅಮ್ಮನವರು “ಕೊಡ್ರೀ” ಎಂದರು. ಗಂಡನನ್ನು ಅವರು ಹಾಗೆ ಎಲ್ಲರ ಮುಂದೆ ಗದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಯ್ಯನವರು ಕೊಡಲಿಲ್ಲ. ಕೈಹಿಡಿದು ಪ್ರಾರ್ಥಿಸಿದರು. ಅವರ ಜೀವಮಾನದಲ್ಲೇ ಅತಿ ಉದ್ದದ ಪ್ರಾರ್ಥನೆ ಅದು. ಕೆಂಪಮ್ಮ ಅಷ್ಟರಲ್ಲಿ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಆ ವಾರ ಮುಗಿಯುವ ಮೊದಲೇ ತೀರಿಕೊಂಡಳು.

ಮಣ್ಣು ಮಾಡುವ ದಿನ ಅಯ್ಯನವರು ಬಿಳಿ ನಿಲುವಂಗಿಯನ್ನು ಚೀಲದಿಂದ ತೆಗೆಯುತ್ತಿದ್ದಂತೆ ರತ್ನಮ್ಮ ಅಡ್ಡ ನಿಂತಳು. “ಬ್ಯಾಡಿ. ನಮ್ಮವ್ವ ಬಾಯ್ಬುಟ್ಟು ಕೇಳ್ದಾಗ ಕೊಡ್ನಿಲ್ಲ. ಈಗ ಮಣ್ಣಾಕಕ್ಕೆ ಬಂದ್ಬುಟ್ರಾ? ಅವ್ರು ನಮ್ ಕೈಲಿ ಉಣ್ಣಾಕಿಲ್ಲ, ನೀವು ನಮ್ಗೆ ಉಣ್ಣಾಕ್ ಇಕ್ಕಾಕಿಲ್ಲ. ನಮ್ಗೆಲ್ಲಾ ಒಂದೇ ಕಣ್ರಿ.” ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ. ಅಯ್ಯನವರು ನಿಲುವಂಗಿಯನ್ನು ಮಡಚಿ, ದೂರದಲ್ಲಿ ಒಂದು ಹೊಂಗೆ ಮರದ ಕೆಳಗೆ ನಿಂತರು. ಎಲ್ಲರೂ ಹೋದ ಮೇಲೆ ಒಬ್ಬರೇ ಹೋಗಿ ಒಂದು ಹಿಡಿ ಮಣ್ಣು ಹಾಕಿದರು.

ಈಸ್ಟರಿಗೆ ಮುಂಚೆಯೇ ಅವರಿಗೆ ವರ್ಗದ ಆದೇಶ ಬಂತು. ಕರ್ತನ ಭೋಜನವನ್ನು ತಡೆದರು ಎಂಬುದು ದೂರು. ದೂರಿನಲ್ಲಿ ಕೆಂಪಮ್ಮನ ಸಾವನ್ನೂ ಸೇರಿಸಿದ್ದರಂತೆ! ಅವಳು ಮಾಡಿದ ಸಾರನ್ನು ಮುಟ್ಟದವರಿಗೆ ಅವಳ ಹೆಣ ಮಾತ್ರ ಉಪಯೋಗಕ್ಕೆ ಬಂತು. ಹೊಸಬರು ಬಂದು ಬಟ್ಟೆ ತೆಗೆದರು. ನಮ್ಮವರು ಸಾಲಾಗಿ ಹೋಗಿ ಮೊಣಕಾಲೂರಿದರು. ಕೇರಿಯವರಿಗೆ ಅವರ ಊರಲ್ಲೇ ಬೇರೆ ಆರಾಧನೆ ಎಂದು ಗೊತ್ತುಮಾಡಿದರು. ಅದಕ್ಕೆ ಬರುವವರೇ ಇರಲಿಲ್ಲ. ರತ್ನಮ್ಮ ಮತ್ತು ಉಳಿದ ಮನೆಗಳವರು ವರ್ಷದೊಳಗೆ ಬೌದ್ಧರಾದರು. ಒಳ್ಳೆಯದೇ ಮಾಡಿದರು ಎಂದು ನಾನು ಚರ್ಚಿನ ಅಂಗಳದಲ್ಲಿ ನಿಂತು ಹೇಳಿದ್ದಕ್ಕೆ ಈಗಲೂ ಕೆಲವರು ನನ್ನನ್ನು ಮಾತನಾಡಿಸುವುದಿಲ್ಲ.

ನಿವೃತ್ತಿಯಾದ ಮೇಲೆ ಅಯ್ಯನವರು ಅರಕಲಗೂಡಿನಲ್ಲಿ ಬಾಡಿಗೆ ಮನೆ ಹಿಡಿದರು. ನಾನು ಆಗಾಗ ಹೋಗುತ್ತಿದ್ದೆ. ಆ ದೊಡ್ಡ ಗಂಟಲು ಕುಗ್ಗಿಹೋಗಿತ್ತು. ಅಲ್ಲಿನ ಪ್ರಾರ್ಥನಾಲಯದಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು, ಹಾಡುತ್ತಿರಲಿಲ್ಲ, ಭೋಜನಕ್ಕೆ ಎಲ್ಲರೂ ಎದ್ದು ಹೋದಾಗ ಏಳುತ್ತಿರಲಿಲ್ಲ. ಹೆಮ್ಮೆ ಎಂದರು ಕೆಲವರು, ನಂಬಿಕೆ ಕಳಕೊಂಡಿದ್ದಾರೆ ಎಂದರು ಇನ್ನು ಕೆಲವರು. ನಾನು ನೇರವಾಗಿಯೇ ಕೇಳಿದೆ. ಅವರು ಲುಂಗಿಯ ಅಂಚನ್ನು ಮಡಚುತ್ತಾ, “ನಾನು ಸರಿಯಾದ ಜಗಳಾನೇ ಆಡಿದೆ ಟೀಚರ್. ಅದರಲ್ಲಿ ಸೋತಿದ್ದಕ್ಕೆ ನನಗೆ ದುಃಖ ಇಲ್ಲ. ಆದರೆ ಬಾಯಾರಿದವಳ ಮುಂದೆ ನೀರು ಇಟ್ಕೊಂಡು ಕೂತಿದ್ದೆ ನಾನು” ಎಂದರು. ಸಮಾಧಾನದ ಮಾತಾಡಬಹುದಿತ್ತು. ಆದರೆ ಅವರು ಹೇಳಿದ್ದು ನಿಜ.

ಹಾಸನದ ಆಸ್ಪತ್ರೆಯಲ್ಲಿ ಅವರ ಕೊನೆಯ ದಿನ ಅಮ್ಮನವರೂ ನಾನೂ ಪಕ್ಕದಲ್ಲಿದ್ದೆವು. ನಮ್ಮ ಈಗಿನ ಅಯ್ಯನವರು, ಚಿಕ್ಕ ವಯಸ್ಸಿನವರು, ಪೆಟ್ಟಿಗೆ ಹಿಡಿದು ಬಂದರು. ರೊಟ್ಟಿಯ ಚೂರನ್ನು ತುಟಿಯ ಹತ್ತಿರ ತಂದಾಗ ಅವರು ಕಣ್ಣು ತೆರೆದರು. “ಬೇಡಪ್ಪ.”

“ಅಯ್ಯನವರೇ, ನಿಮಗೆ ನಾನೇನು ಹೇಳಲಿ, ಇದು ಕೃಪೆ...”

“ಗೊತ್ತು. ಕೇಳಿದವಳಿಗೆ ನಾನು ಕೊಡಲಿಲ್ಲ.”

ಅಮ್ಮನವರು ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ಹುಡುಗ ಅಯ್ಯನವರು ಪೆಟ್ಟಿಗೆ ಮುಚ್ಚಿದರು. ಸಂಜೆಗೆ ಎಲ್ಲ ಮುಗಿದಿತ್ತು.

ಹೋದ ಭಾನುವಾರ ಆ ಬೆಳ್ಳಗಿನ ಫೋಟೋದ ಕೆಳಗೆ ನಿಂತು ಸೆಕ್ರೆಟರಿ ಭಾಷಣ ಮಾಡಿದರು. ಅವರು ಬಡವರ ಬಂಧು, ಸಮಾನತೆಯ ಹರಿಕಾರ, ಏನೇನೋ. ಕೊನೆಗೆ, “ಕರ್ತನ ಭೋಜನವನ್ನು ಸ್ವೀಕರಿಸಿ ನಗುಮುಖದಿಂದ ನಿದ್ರೆ ಹೋದರು” ಎಂದರು. ಹುಡುಗ ಅಯ್ಯನವರು ತಮ್ಮ ಬೂಟನ್ನೇ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. “ಸುಳ್ಳು!” ಎಂದು ಕೂಗಿ ಹಾರ್ಮೋನಿಯಂ ಮುಚ್ಚಳವನ್ನು ಧಡ್ ಎಂದು ಮುಚ್ಚಿ ಎದ್ದು ಹೊರಗೆ ಬಂದೆ. ಹಿಂದೆ ಯಾರೋ “ಪಾಪ, ವಯಸ್ಸಾಯ್ತು” ಎಂದದ್ದು ಕೇಳಿಸಿತು.

ಗೇಟಿನ ಹೊರಗೆ ರತ್ನಮ್ಮ ನಿಂತಿದ್ದಳು. ಪತ್ರಿಕೆಯಲ್ಲಿ ಕಾರ್ಯಕ್ರಮದ ಸುದ್ದಿ ನೋಡಿ ಬಂದಿದ್ದಳಂತೆ, ಒಳಗೆ ಬಂದಿರಲಿಲ್ಲ. ಮೈಕಿನಲ್ಲಿ ಎಲ್ಲ ಕೇಳಿಸಿತ್ತು. “ಟೀಚರಮ್ಮ, ಅವ್ರೇಳಿದ್ದು ದಿಟವಾ? ಅಯ್ಯ ತಗಂಡೇ ಓದ್ರಾ?” ಎಂದು ಕೇಳಿದಳು. ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳಿದೆ. ತಾಯಿ ಸತ್ತ ಮೇಲೆ ಅವಳು ಅಯ್ಯನವರ ಮುಖ ನೋಡಿರಲಿಲ್ಲ. ಅವಳಿಗೆ ಒಂದು ಬಗೆಯ ಸಮಾಧಾನ ಆಗಬಹುದು ಎಂದು ನಾನು ಎಣಿಸಿದ್ದೆ. ಅವಳಿಗೆ ಬಂದದ್ದು ಸಿಟ್ಟು. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ಬೈಯುವ ಹಾಗೆ ಕೂಗಿದಳು.

“ನೀವೆಲ್ಲಾ ಸುಮ್ಕೆ ನೋಡ್ಕಂಡ್ ನಿಂತಿದ್ರಾ? ಸಾಯೋ ಮನ್ಸ ಬ್ಯಾಡ ಅಂದ್ರೆ ಬುಟ್ಬುಡೋದಾ? ನಮ್ಮವ್ವ ಇದ್ದಿದ್ರೆ ಬೈದು ಬಾಯಿಗಿಕ್ಕಿರೋಳು ಕಣಮ್ಮ.”